ಒಂದು ಗ್ಲಾಸ್ ವೈನ್, ಒಂದು ಗಂಟೆ ಜಿಮ್

ನಮ್ಮ ‘ಅಜ್ಜನ ಮನೆ’ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದೇವೆ. ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು, ಬಳ್ಳಾರಿ, ಇಬ್ಬರು ಮಾತ್ರ ಬೆಂಗಳೂರಿನವರು. ಭಾನುವಾರ ರಾತ್ರಿ ಅಲ್ಲಿ ನಡೆದ ಮಾತನ್ನು ಅವರನ್ನೆಲ್ಲ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು. ಅದಕ್ಕೇ ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆ ಬರೆದಿದ್ದೇನೆ. ಸ್ಟಿಕರ್, ಕೈಮುಗಿದ ಚಿತ್ರಗಳನ್ನು ಬಿಟ್ಟಿದ್ದೇನೆ.

ಸಿಂಧನೂರು ಮಾವ (ಫಾರ್ವರ್ಡ್): ಜಿಮ್‌ಗೆ ಹೋಗಬೇಡಿ!! ದಿನಾ ಒಂದು ಗ್ಲಾಸ್ ಕೆಂಪು ವೈನ್ = ಒಂದು ಗಂಟೆ ಜಿಮ್. ವಿಜ್ಞಾನಿಗಳೇ ಹೇಳಿದ್ದಾರೆ. ದುಬಾರಿ ಬಾಟಲಿ ಬೇಕಿಲ್ಲ, 500 ರೂಪಾಯಿಯದು ಸಾಕು. ಹೃದಯಕ್ಕೆ ಒಳ್ಳೆಯದು. ಎಲ್ಲರಿಗೂ ಕಳಿಸಿ.

ಸಿಂಧನೂರು ಮಾವ: ಕೊಪ್ಪಳದ ಅಳಿಯಂದಿರೇ, ಇದು ನಿಮಗಾಗಿಯೇ ಕಳಿಸಿದ್ದು.

ರಾಯಚೂರು ಅಕ್ಕ: ಯಾವ ವಿಜ್ಞಾನಿ? ಯಾವ ವರ್ಷ?

ಸಿಂಧನೂರು ಮಾವ: ಏನವ್ವಾ, ಎಲ್ಲದಕ್ಕೂ ರಸೀದಿ ಕೇಳ್ತೀಯಲ್ಲ.

ರಾಯಚೂರು ಅಕ್ಕ: ಕೊರೋನಾ ಟೈಮಲ್ಲಿ ನೀವು ಕಳಿಸಿದ ಕಷಾಯ ಕುಡಿದು ಅಮ್ಮ ಮೂರು ದಿನ ಹೊಟ್ಟೆ ಉರಿ ಅಂತ ಮಲಗಿದ್ದರು. ಅದಕ್ಕೇ ಕೇಳ್ತೀನಿ.

ಸಿಂಧನೂರು ಮಾವ: ಆ ಕಷಾಯ ನನ್ನದಲ್ಲ. ಗಂಗಾವತಿಯವನು ಕಳಿಸಿದ್ದು.

ಗಂಗಾವತಿ ತಮ್ಮ: ನಾನು ಕಳಿಸಿದ್ದು ಅರಿಶಿನದ ಹಾಲು. ಕರಿಮೆಣಸಿನ ಕಷಾಯ ನಿಮ್ಮದೇ ಮಾವ. ತೆಗೆದು ತೋರಿಸಲಾ?

ಬಳ್ಳಾರಿ ದೊಡ್ಡಪ್ಪ: ಮನೆತನದ ಗುಂಪಿನಲ್ಲಿ ಇಂಥ ಮಾತು ಬೇಡ. ಮಕ್ಕಳೂ ಓದುತ್ತಾರೆ. ನಮ್ಮಪ್ಪ ಕಟ್ಟೆಯ ಮೇಲೆ ಕೂತಿದ್ದರೆ ಬೀಡಿ ಸೇದುವವನು ದಾರಿ ಬದಲಿಸುತ್ತಿದ್ದ. ಈಗ ಅದೇ ಮನೆತನದ ಹುಡುಗರು ಅಡುಗೆಮನೆಯಲ್ಲಿ ಬಾಟಲಿ ಇಡುತ್ತಿದ್ದಾರೆ.

ಗಂಗಾವತಿ ತಮ್ಮ: ಕಟ್ಟೆ ಅಂದಿರಲ್ಲ ದೊಡ್ಡಪ್ಪ, ಅದರ ಪಕ್ಕದ ನೇರಳೆ ಮರ ನೆನಪಾಯಿತು. ರೋಹಿಣಿ ಮಳೆ ಬಿದ್ದ ಮಾರನೇ ದಿನ ಕಟ್ಟೆಯೆಲ್ಲ ನೀಲಿ. ಅಜ್ಜಿ ಹಣ್ಣನ್ನು ಸ್ಟೀಲ್ ಡಬ್ಬಿಗೆ ಹಾಕಿ, ಉಪ್ಪು ಉದುರಿಸಿ, ಮುಚ್ಚಳ ಮುಚ್ಚಿ ಕುಲುಕುತ್ತಿದ್ದಳು. ನಾವೆಲ್ಲ ನಾಲಿಗೆ ಚಾಚಿ ಯಾರದ್ದು ಜಾಸ್ತಿ ನೀಲಿ ಅಂತ ನೋಡುತ್ತಿದ್ದೆವು.

ಬಳ್ಳಾರಿ ದೊಡ್ಡಪ್ಪ: ಮರದ ಮಾತು ಬೇರೆ. ನಾನು ಹೇಳುತ್ತಿರುವುದು ಬೇರೆ.

ದೊಡ್ಡಪ್ಪ ಹೇಳಿದ ಅಡುಗೆಮನೆ ನನ್ನದು. ಎರಡು ವರ್ಷದಿಂದ ಮನೆಯಲ್ಲಿ ಕಡಿಮೆ ಬೆಲೆಯ ಕೆಂಪು ವೈನ್ ತಂದು ರುಚಿ ನೋಡುತ್ತಿದ್ದೇನೆ. ಎಲ್ಲರಿಗೂ ಗೊತ್ತು, ಎದುರಿಗೆ ಯಾರೂ ಕೇಳಿಲ್ಲ. ಸುಮ್ನೆ ಇರುವುದು ಸಾಕು ಅನಿಸಿತು. ಬರೆದೆ.

ನಾನು: ಅಕ್ಕಾ, ಈ ಸುದ್ದಿಯ ಮೂಲ ನನಗೆ ಗೊತ್ತು. 2012ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಆಯಿತು. ಇಲಿಗಳನ್ನು ಓಡಿಸಿದರು. ಅವುಗಳ ಆಹಾರದಲ್ಲಿ ರೆಸ್ವೆರಾಟ್ರಾಲ್ ಅನ್ನುವ ವಸ್ತು ಬೆರೆಸಿದ್ದರು. ಓಡಿದ ಇಲಿಗಳ ಶಕ್ತಿ ಇನ್ನಷ್ಟು ಹೆಚ್ಚಿತು. ಅಲ್ಲಿ ವೈನೇ ಇರಲಿಲ್ಲ. ಆ ವಸ್ತು ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿದೆ ನಿಜ, ಆದರೆ ಒಂದು ಲೀಟರ್ ವೈನ್‌ನಲ್ಲಿ ಸಿಗುವುದು ಕೆಲವೇ ಮಿಲಿಗ್ರಾಂ. ಓಡಿದ್ದು ಇಲಿ, ಸುದ್ದಿ ಆದದ್ದು ಗ್ಲಾಸು. ಇನ್ನು ಹೃದಯದ ಮಾತು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ: ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಮದ್ಯಕ್ಕೆ ಇಲ್ಲ. ವೈನೂ ಮದ್ಯವೇ. ಔಷಧಿ ಅಂತ ಯಾರೂ ಕುಡಿಯಬೇಡಿ.

ರಾಯಚೂರು ಅಕ್ಕ: ಸರಿ. ಮತ್ತೆ ನೀನ್ಯಾಕೆ ಕುಡೀತೀಯ?

ನಾನು: ರುಚಿಗೆ, ಅಕ್ಕಾ.

ಸಿಂಧನೂರು ಮಾವ: ರುಚಿಯಂತೆ! ನಿನ್ನ ಗೃಹಪ್ರವೇಶದ ರಾತ್ರಿ ಮಾಳಿಗೆ ಮೇಲೆ ಕೊಟ್ಟೆಯಲ್ಲ, ಬಿಸಿ ಮಾಡಿದ ಟಾನಿಕ್ ಹಾಗಿತ್ತು. ಅಗ್ಗದ ವೈನ್ ಅಂದರೆ ಬಣ್ಣದ ನೀರು. ತಂದರೆ 3000ದ್ದು ತರಬೇಕು.

ಬಳ್ಳಾರಿ ದೊಡ್ಡಪ್ಪ: ಆ ರಾತ್ರಿಯ ವಿಷಯ ತೆಗೆದಿರಲ್ಲ. ಒಳಗೆ ದೇವರ ದೀಪ ಉರಿಯುತ್ತಿತ್ತು, ಮೇಲೆ ನೀವು ಬಾಟಲಿ ತೆಗೆದಿರಿ. ನಾನು ಮಾರನೇ ದಿನ ಊಟ ಮಾಡದೆ ಬಂದದ್ದು ಯಾಕೆ ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಲಿಲ್ಲ.

ಗಂಗಾವತಿ ತಮ್ಮ: ದೊಡ್ಡಪ್ಪ, ನಿಮಗೆ ಹೇಳಿದ್ದು ನಾನು ಅಂತ ಎಲ್ಲರೂ ನನ್ನ ಮೇಲೆ ಹಾಕಿದರು. ನಾನು ಹೇಳಿಲ್ಲ. ಇವತ್ತಾದರೂ ನೀವೇ ಹೇಳಿಬಿಡಿ.

ಬಳ್ಳಾರಿ ದೊಡ್ಡಪ್ಪ: ನೀನಲ್ಲ. ಬೆಳಿಗ್ಗೆ ಚಹಾ ಕುಡಿಯುವಾಗ ಸಿಂಧನೂರಿನವರೇ ನಗುತ್ತಾ ಹೇಳಿದರು.

ರಾಯಚೂರು ಅಕ್ಕ: ಮಾವಾ!

ಸಿಂಧನೂರು ಮಾವ: ತಮಾಷೆಗೆ ಹೇಳಿದ್ದೆ. ಇಷ್ಟು ದೊಡ್ಡದಾಗುತ್ತೆ ಅಂತ ಯಾರಿಗೆ ಗೊತ್ತಿತ್ತು.

ಗಂಗಾವತಿ ತಮ್ಮ: ಎರಡು ವರ್ಷ ನನ್ನ ಜೊತೆ ಅಣ್ಣ ಸರಿಯಾಗಿ ಮಾತಾಡಲಿಲ್ಲ ಮಾವ.

ಇದು ನಿಜ. ನಾನು ಅವನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಅಲ್ಲೇ ಗುಂಪಿನಲ್ಲೇ ತಪ್ಪಾಯಿತು ಅಂತ ಬರೆದೆ. ಆಮೇಲೆ ಒಂದು ಉದ್ದ ಮೆಸೇಜ್ ಹಾಕಿದೆ. ಅದನ್ನು ಪೂರ್ತಿ ಹಾಕುತ್ತೇನೆ, ನನಗೆ ಹೇಳಬೇಕಾಗಿದ್ದು ಅದೇ.

ನಾನು: ಮಾವ, ಆ ರಾತ್ರಿಯ ವೈನ್ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ತಪ್ಪು ವೈನ್‌ನದ್ದಲ್ಲ, ನನ್ನದು. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅಂತ ಎಲ್ಲೋ ಓದಿದ್ದೆ. ಅದು ಯುರೋಪಿನ ಚಳಿ ಊರಿನ ರೂಮು, 16ರಿಂದ 18 ಡಿಗ್ರಿ. ನಮ್ಮ ರೂಮು ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೂ 34. ಅಷ್ಟು ಬಿಸಿಯಲ್ಲಿ ಮದ್ಯದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತೆ, ಹಣ್ಣಿನ ವಾಸನೆ ಸತ್ತೇ ಹೋಗುತ್ತೆ. ಅದಕ್ಕೇ ಟಾನಿಕ್ ಅನಿಸಿದ್ದು. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಸಾಕು ಅನ್ನುತ್ತಾರೆ. ಅದೂ ಅವರ ಊರಿನ ಲೆಕ್ಕ. ನಮ್ಮ ಬೇಸಿಗೆಗೆ ಒಂದೂವರೆ ಗಂಟೆ ಬೇಕು. ಬಾಟಲಿ ಮುಟ್ಟಿದರೆ ಮಡಕೆ ನೀರಿನಷ್ಟು ತಂಪಿರಬೇಕು, ಐಸ್‌ಕ್ಯಾಂಡಿಯಷ್ಟಲ್ಲ. ಪೂರಾ ತಣ್ಣಗಾದರೆ ಒಗರು ಎದ್ದು ಬರುತ್ತೆ.

ಎರಡನೇ ತಪ್ಪು ಮಿರ್ಚಿ. ಗವಿಮಠದ ಜಾತ್ರೆಯ ಮಿರ್ಚಿ ನಮ್ಮೆಲ್ಲರ ಪ್ರಾಣ, ಆದರೆ ಕೆಂಪು ವೈನ್ ಜೊತೆ ಬೇಡ. ಖಾರದ ಬಾಯಿಗೆ ಮದ್ಯ ಬಿದ್ದರೆ ಉರಿ ಇಮ್ಮಡಿ. ಹುರಿದ ಶೇಂಗಾಕ್ಕೆ ಉಪ್ಪು ಹಚ್ಚಿ ತಿನ್ನಿ. ಖಾರ ಕಡಿಮೆ ಹಾಕಿದ ಬದನೆಕಾಯಿ ಎಣ್ಣೆಗಾಯಿ, ಜೋಳದ ರೊಟ್ಟಿ ಇದ್ದರೆ ಇನ್ನೂ ಚೆಂದ. ಎಣ್ಣೆ, ಉಪ್ಪು ಎರಡೂ ಒಗರನ್ನು ಮೆತ್ತಗೆ ಮಾಡುತ್ತವೆ. ಅಜ್ಜಿ ನೇರಳೆ ಹಣ್ಣಿಗೆ ಉಪ್ಪು ಹಾಕಿ ಕುಲುಕುತ್ತಿದ್ದಳಲ್ಲ, ಅದೇ ಕೆಲಸ. ಕೆಂಪು ವೈನ್‌ನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವುದು. ಇಂಗ್ಲಿಷ್‌ನವರು ಟ್ಯಾನಿನ್ ಅನ್ನುತ್ತಾರೆ. ಮೊದಲ ಸಲ ತಂಪು ಮಾಡಿದ ಶಿರಾಜ್ (ಒಂದು ಜಾತಿಯ ಕೆಂಪು ವೈನ್) ಬಾಯಿಗೆ ಹಾಕಿದಾಗ ನನಗೆ ಆ ಕಟ್ಟೆಯೇ ನೆನಪಾಯಿತು. ಕೆನ್ನೆಯ ಒಳಗೆ ಹಿಡಿದ ಹಾಗಾಯಿತು, ಆಮೇಲೆ ನಿಧಾನಕ್ಕೆ ಹಣ್ಣು ಬಂತು, ಕೊನೆಗೆ ಕರಿಮೆಣಸಿನ ಒಂದು ಎಳೆ. ನಾನು ಇಡೀ ಸಂಜೆ ಅದೊಂದೇ ಗ್ಲಾಸ್ ಹಿಡಿದು ಕೂತಿದ್ದೆ. ಸ್ಟೀಲ್ ಲೋಟದಲ್ಲಿ ಇದು ಸಿಗಲ್ಲ. ಬಾಯಿ ಕಿರಿದಾದ ಗಾಜಿನ ಲೋಟ ಬೇಕು, ಕಾಲು ಭಾಗ ಮಾತ್ರ ತುಂಬಬೇಕು. ಮೇಲಿನ ಖಾಲಿ ಜಾಗ ವಾಸನೆಗೆ.

ಬೆಲೆಯ ಮಾತು. 2008ರಲ್ಲಿ ಅಮೆರಿಕದಲ್ಲಿ ಬೆಲೆ, ಹೆಸರು ಮುಚ್ಚಿಟ್ಟು ವೈನ್ ಕುಡಿಸಿದ 6000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳ ಲೆಕ್ಕ ಹಾಕಿದರು. ತರಬೇತಿ ಇಲ್ಲದ ಸಾಮಾನ್ಯ ಜನಕ್ಕೆ ದುಬಾರಿ ವೈನ್ ಜಾಸ್ತಿ ಇಷ್ಟವಾಗಲಿಲ್ಲ, ಒಂದು ಎಳೆ ಕಡಿಮೆಯೇ ಆಯಿತು. ಮನೆಯಲ್ಲಿ ನಾನೂ ಮಾಡಿ ನೋಡಿದೆ. ಮೂರು ಬಾಟಲಿಗೆ ಪೇಪರ್ ಸುತ್ತಿ, ಒಂದು ಎರಡು ಮೂರು ಅಂತ ಬರೆದು, ಹೆಂಡತಿಯ ಕೈಯಲ್ಲಿ ಸುರಿಸಿದೆ. ನಾನು ಆರಿಸಿದ್ದು ಮೂರರಲ್ಲಿ ಕಡಿಮೆ ಬೆಲೆಯದ್ದನ್ನೇ. ಅವಳು ಆರಿಸಿದ್ದು ನಡುವಿನದು.

ಹಾಗಂತ ಸಿಕ್ಕಿದ್ದು ತರಬೇಡಿ. ನಮ್ಮೂರಲ್ಲಿ ಬೋರ್ಡ್ ಮೇಲೆ ವೈನ್ ಶಾಪ್ ಅಂತ ಇರುತ್ತೆ, ಒಳಗೆ ವೈನ್ ಕೇಳಿದರೆ ಮೂಲೆಯಿಂದ ಧೂಳು ಒರೆಸಿ ಕೊಡುತ್ತಾರೆ. ಎರಡು ಬೇಸಿಗೆ ಶೆಲ್ಫ್ ಮೇಲೆ ಬೆಂದ ಬಾಟಲಿ ಯಾವ ಕಂಪನಿಯದ್ದಾದರೂ ಸತ್ತಂತೆಯೇ. ಲೇಬಲ್ ಮೇಲಿನ ವರ್ಷ ನೋಡಿ, ಹೊಸದನ್ನು ಕೇಳಿ, ಬಿಸಿಲು ಬೀಳದ ಜಾಗದ್ದನ್ನು ಕೇಳಿ. ತಿರುಗಿಸುವ ಮುಚ್ಚಳ ಇದ್ದರೆ ಕೀಳು ಅಂದುಕೊಳ್ಳಬೇಡಿ, ನಮ್ಮ ಮನೆಗಳಿಗೆ ಅದೇ ಅನುಕೂಲ. ನಂದಿ ಬೆಟ್ಟದ ಗ್ರೋವರ್, ನಾಸಿಕ್‌ನ ಸುಲಾ, ಸೊಲ್ಲಾಪುರ ಜಿಲ್ಲೆ ಅಕ್ಲೂಜ್‌ನ ಫ್ರಾಟೆಲಿ, ಇವರ ಕಡಿಮೆ ಬೆಲೆಯ ಬಾಟಲಿಗಳಿಂದ ಶುರು ಮಾಡಬಹುದು. ನಮ್ಮ ಹಂಪಿ ಕಡೆಯ ಗುಡ್ಡಗಳಲ್ಲೇ ದ್ರಾಕ್ಷಿ ಬೆಳೆದು ವೈನ್ ಮಾಡುವ ಕೃಷ್ಮಾ ಇದೆ. ಬೆಲೆ ನನ್ನ ಕೈಗೆ ಎಟುಕಲ್ಲ. ಆದರೂ ನಮ್ಮ ಬಿಸಿಲಿನ ನೆಲದ ಹೆಸರು ಬಾಟಲಿ ಮೇಲೆ ನೋಡಿದರೆ ಖುಷಿಯಾಗುತ್ತೆ. 750 ಎಂ.ಎಲ್. ಬಾಟಲಿಯಲ್ಲಿ 150ರ ಐದು ಗ್ಲಾಸು. ನಾನು, ಹೆಂಡತಿ ಶನಿವಾರ ಒಂದೊಂದು, ಭಾನುವಾರ ಒಂದೊಂದು ತಗೋತೀವಿ. ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ರುಚಿ ಕೆಡಲ್ಲ. ಉಳಿದದ್ದು ಸಾರಿಗೂ ಬೀಳುತ್ತೆ.

ಗಂಗಾವತಿ ತಮ್ಮ: ಇಷ್ಟುದ್ದ ಯಾರು ಓದ್ತಾರೆ ಅಣ್ಣ. ಆ ನೇರಳೆ ಮರ ಈಗ ಇದೆಯಾ, ಕಡಿದರಾ?

ಸಿಂಧನೂರು ಮಾವ: ನಾನು ಕಳಿಸಿದ್ದರಲ್ಲೂ 500 ರೂಪಾಯಿಯದು ಸಾಕು ಅಂತಲೇ ಇತ್ತು. ಅದು ಸರಿಯಾಯಿತಲ್ಲ.

ರಾಯಚೂರು ಅಕ್ಕ: ಜಿಮ್ ಸುಳ್ಳು, ಹೃದಯ ಸುಳ್ಳು, ಬೆಲೆ ಒಂದು ನಿಜ. ಡಿಲೀಟ್ ಮಾಡಿ ಮಾವ.

ಬಳ್ಳಾರಿ ದೊಡ್ಡಪ್ಪ: ರುಚಿ ಅಂತ ಚೆಂದ ಬರೆದಿದ್ದೀಯಪ್ಪ. ನನ್ನ ತಮ್ಮನೂ ಒಂದೇ ಅಂತಲೇ ಶುರು ಮಾಡಿದ್ದ.

ಇದಾದ ಮೇಲೆ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಗಂಗಾವತಿ ಚಿಕ್ಕಮ್ಮ ‘ಟೈಪಿಂಗ್’ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಚಿಕ್ಕಮ್ಮ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆದವರಲ್ಲ.

ಗಂಗಾವತಿ ಚಿಕ್ಕಮ್ಮ: ಭಾವನವರೇ, ಅವರು ಕುಡಿದದ್ದು ಸಾರಾಯಿ ಪ್ಯಾಕೆಟ್. ಹಲ್ಲಲ್ಲಿ ಹರಿದು ನಿಂತಲ್ಲೇ ಕುಡಿಯುತ್ತಿದ್ದರು. ರುಚಿ ನೋಡಿದ್ದನ್ನು ನಾನು ಕಾಣೆ. ಅವರು ಹೋದ ಮಾರನೇ ವರ್ಷ, 2007ರ ಜುಲೈ ಒಂದರಿಂದ ಸರ್ಕಾರ ಸಾರಾಯಿ ಬಂದ್ ಮಾಡಿತು. ಒಂದು ವರ್ಷ ಮೊದಲೇ ಮಾಡಬಾರದಿತ್ತಾ ಅಂತ ನಾನು ದಿನಾ ಅಂದುಕೊಳ್ಳುತ್ತಿದ್ದೆ. ಹುಡುಗ ಬಚ್ಚಿಟ್ಟು ಕುಡಿಯುತ್ತಿಲ್ಲ, ಲೆಕ್ಕ ಹೇಳಿ ಕುಡಿಯುತ್ತಿದ್ದಾನೆ. ಅದು ನನಗೆ ಸಮಾಧಾನ. ಆದರೂ ನನ್ನ ಎದುರಿಗೆ ಬೇಡಪ್ಪ. ಬಾಟಲಿ ನೋಡಿದರೆ ಕೈ ನಡುಗುತ್ತೆ.

ನಾನು: ಆಯಿತು ಚಿಕ್ಕಮ್ಮ. ನೀವು ಬಂದಾಗ ಮನೆಯಲ್ಲಿ ಇರುವುದಿಲ್ಲ.

ಸಿಂಧನೂರು ಮಾವ ತಮ್ಮ ಫಾರ್ವರ್ಡ್ ಅಳಿಸಿದರು. ಏನು ಅಳಿಸಿದ್ದು ಅಂತ ಬೆಂಗಳೂರಿನ ಇಬ್ಬರೂ ಕೇಳಿದರು, ಯಾರೂ ಹೇಳಲಿಲ್ಲ.

ಬಳ್ಳಾರಿ ದೊಡ್ಡಪ್ಪ: ಮರ ಕಡಿದಿಲ್ಲ. ಹೋದ ವಾರ ಊರಿಗೆ ಹೋಗಿದ್ದೆ. ಈ ಸಲ ಕಾಯಿ ಜಾಸ್ತಿ ಇದೆ.

ನಾನು: ದೊಡ್ಡಪ್ಪ, ಮುಂದಿನ ಭಾನುವಾರ ನಾನು, ತಮ್ಮ ಇಬ್ಬರೂ ಊರಿಗೆ ಹೋಗಿ ಹಣ್ಣು ಆರಿಸಿಕೊಂಡು ಬಳ್ಳಾರಿಗೆ ಬರುತ್ತೇವೆ. ಅವತ್ತು ಊಟ ಬಿಟ್ಟು ಹೋದಿರಲ್ಲ, ಈ ಸಲ ನಿಮ್ಮ ಮನೆಯಲ್ಲೇ ಜೊತೆಗೆ ಕೂತು ಊಟ ಮಾಡೋಣ.

ಬಳ್ಳಾರಿ ದೊಡ್ಡಪ್ಪ: ಹಣ್ಣು ತಗೊಂಡು ಬನ್ನಿ. ಉಪ್ಪು ಮನೆಯಲ್ಲಿದೆ.