ಗರಟೆಯ ಓಲೆಗೆ ಮಜೂರಿ ಎಷ್ಟು?

ಪ್ರಶ್ನೆ (ಕುಮಟಾ ಕಡೆಯಿಂದ): ಶೇಟರೇ, ನಮಸ್ಕಾರ. ನಾನು ತೆಂಗಿನ ಗರಟೆಯಿಂದ ಕಿವಿಯೋಲೆ ಮಾಡುತ್ತೇನೆ. ಶುರು ಮಾಡಿ ಮೂರು ವರ್ಷವಾಯಿತು. ಮೊದಲು ತಂಗಿಯ ಮದುವೆಗೆಂದು ನಾಲ್ಕು ಜೋಡಿ ಮಾಡಿದ್ದೆ, ಆಮೇಲೆ ಅಕ್ಕಪಕ್ಕದವರು ಕೇಳಿದರು. ಈಗ ಮೊಬೈಲಿನಲ್ಲಿ ಫೋಟೊ ನೋಡಿ ಹುಬ್ಬಳ್ಳಿ, ಬೆಂಗಳೂರಿನವರೂ ತರಿಸಿಕೊಳ್ಳುತ್ತಾರೆ. ಜೋಡಿಗೆ 120 ರೂಪಾಯಿ. ಗರಟೆಗೆ ದುಡ್ಡು ಕೊಡಬೇಕಾಗಿಲ್ಲ. ಕೊಕ್ಕೆ, ಮಣಿ, ಡಬ್ಬಿ ಎಲ್ಲ ಸೇರಿ 45 ರೂಪಾಯಿಯ ಒಳಗೇ ಮುಗಿಯುತ್ತದೆ, ಉಳಿದ 75 ಲಾಭವೆಂದೇ ತಿಳಿದಿದ್ದೆ. ಆದರೆ ವರ್ಷ ಕಳೆಯುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಬೆಲೆ ಏರಿಸಿದರೆ ‘ಗರಟೆಗೆ ಇಷ್ಟೊಂದೇ?’ ಎನ್ನುತ್ತಾರೆ. ನೀವು ಬೆಳ್ಳಿ, ಬಂಗಾರ ತೂಗುವವರು. ಒಲೆಗೆ ಹೋಗುವ ಗರಟೆಗೆ ಬೆಲೆ ಕಟ್ಟುವುದು ಹೇಗೆ, ಹೇಳಿಕೊಡಿ.

ಉತ್ತರ (ಕಾರವಾರ, ಬೆಳ್ಳಿ ಕೆಲಸ): ತಂಗೀ, ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದವರು ಮೂರು ಮಾತು ಕೇಳುತ್ತಾರೆ: ಇವತ್ತಿನ ದರ ಎಷ್ಟು, ತೇಮಾನ ಎಷ್ಟು, ಮಜೂರಿ ಎಷ್ಟು. ದರ ನಮ್ಮ ಕೈಯಲ್ಲಿಲ್ಲ. ತೇಮಾನವೆಂದರೆ ಕರಗಿಸುವಾಗ, ಅರ ಹಾಕುವಾಗ ಕಳೆದುಹೋಗುವ ಲೋಹ. ನಾವು ಕುಳಿತ ಜಾಗದ ಧೂಳನ್ನೂ ಗುಡಿಸಿ ಡಬ್ಬಿಯಲ್ಲಿ ತುಂಬಿಡುತ್ತೇವೆ. ಅದನ್ನು ಕೊಳ್ಳಲೆಂದೇ ಜನ ಬರುತ್ತಾರೆ. ಮಜೂರಿ ಕೈಕೆಲಸದ ಕೂಲಿ. ನಿಮ್ಮ ಗರಟೆಗೆ ದರ ಸೊನ್ನೆ. ಅಂದರೆ ನೀವು ಮಾರುತ್ತಿರುವುದು ಬಹುಪಾಲು ಮಜೂರಿಯನ್ನೇ. ಲೆಕ್ಕದಲ್ಲಿ ಬಿಟ್ಟಿರುವುದೂ ಅದನ್ನೇ.

ಒಂದು ಜೋಡಿಗೆ ಎಷ್ಟು ಹೊತ್ತು ಬೇಕು? ಬಾಯಿಲೆಕ್ಕ ಬೇಡ. ಮುಂದಿನ ಹತ್ತು ಜೋಡಿ ಮಾಡುವಾಗ ಪಕ್ಕದಲ್ಲಿ ಒಂದು ವಹಿ ಇಟ್ಟುಕೊಳ್ಳಿ. ಕೂತ ಹೊತ್ತು, ಎದ್ದ ಹೊತ್ತು ಬರೆಯಿರಿ. ಒಡೆದದ್ದನ್ನೂ ಬರೆಯಿರಿ. ಫೋಟೊ ತೆಗೆದದ್ದು, ‘ಬೇರೆ ಬಣ್ಣ ಇದೆಯೇ’ ಎಂಬ ಸಂದೇಶಗಳಿಗೆ ಉತ್ತರ ಕೊಟ್ಟದ್ದು, ಅಂಚೆ ಕಚೇರಿಗೆ ಹೋಗಿ ಬಂದದ್ದು, ಎಲ್ಲವನ್ನೂ.

ಅದೇ ತಂಗಿ, ಹತ್ತು ದಿನದ ಮೇಲೆ: ಬರೆದೆ. ಬರೆದು ನಾನೇ ಗಾಬರಿಯಾದೆ. ‘ಒಂದು ಜೋಡಿಗೆ ಅರ್ಧ ತಾಸು’ ಎಂದು ಎಲ್ಲರ ಎದುರು ಹೇಳುತ್ತಿದ್ದೆ. ಹತ್ತು ಜೋಡಿಯ ಲೆಕ್ಕ ಹೀಗಿದೆ: ಹೊರಮೈಯ ನಾರು ಕೆರೆದು ಕತ್ತರಿಸುವುದಕ್ಕೆ 3 ತಾಸು. ಎಮರಿ ಕಾಗದದಿಂದ ಉಜ್ಜುವುದಕ್ಕೆ 5 ತಾಸು. ಒರಟಾದ 80ನೇ ನಂಬರಿನಿಂದ ಶುರು ಮಾಡಿ ನಯವಾದ 400ರವರೆಗೆ ಹೋಗದಿದ್ದರೆ ಆ ಕಪ್ಪು ಹೊಳಪು ಬರುವುದಿಲ್ಲ. ತೂತು ಕೊರೆದು ಕೊಕ್ಕೆ ಹಾಕುವುದಕ್ಕೆ 2, ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸುವುದಕ್ಕೆ 1. ಫೋಟೊ, ಸಂದೇಶ, ಕಟ್ಟುವುದು, ಅಂಚೆ ಸೇರಿ 4. ಒಟ್ಟು 15 ತಾಸು. ಹದಿನಾಲ್ಕು ಜೋಡಿ ಶುರು ಮಾಡಿದ್ದೆ, ನಾಲ್ಕು ಜೋಡಿ ತೂತು ಕೊರೆಯುವಾಗ ಅಂಚಿನಲ್ಲಿ ಸೀಳಿದವು. ಸಾಮಾನು: ಕೊಕ್ಕೆ 80, ಎಮರಿ ಮತ್ತು ಬ್ಲೇಡು 90, ಮಣಿ ಮತ್ತು ಅಂಟು 150, ಡಬ್ಬಿ 120. ಒಟ್ಟು 440 ರೂಪಾಯಿ.

ಉತ್ತರ: ಇದು ಲೆಕ್ಕ. ಒಡೆದ ನಾಲ್ಕು ಜೋಡಿ ನಿಮ್ಮ ತೇಮಾನ. ಅದರ ಹೊತ್ತು 15 ತಾಸಿನೊಳಗೇ ಸೇರಿಹೋಗಿದೆ, ಬೇರೆ ಹಾಕುವುದು ಬೇಡ.

ಈಗ ತಾಸಿಗೆ ಕೂಲಿ ಎಷ್ಟು ಹಿಡಿಯುವುದು? ನಿಮ್ಮೂರಿನಲ್ಲಿ ಅಡಿಕೆ ಸುಲಿಯಲು ಹೋಗುವವರಿಗೆ, ಹೊಲಿಗೆಗೆ ಕೂರುವವರಿಗೆ ದಿನಕ್ಕೆ ಎಷ್ಟು ಸಿಗುತ್ತದೆಂದು ಕೇಳಿ ನೋಡಿ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಲೆಕ್ಕ ಸುಲಭವಾಗಲೆಂದು ತಾಸಿಗೆ 60 ಎಂದು ಹಿಡಿಯುತ್ತೇನೆ, ಅದೂ ಕಡಿಮೆಯೇ. 15 ತಾಸಿಗೆ 900, ಜೋಡಿಗೆ 90. ಸಾಮಾನು 44. ಸೇರಿ 134. ನೀವು 120ಕ್ಕೆ ಕೊಡುತ್ತಿದ್ದೀರಿ. ಅಂದರೆ ಒಂದೊಂದು ಜೋಡಿಯ ಜೊತೆಗೆ ಗಿರಾಕಿಯ ಕೈಗೆ 14 ರೂಪಾಯಿ ಇಟ್ಟು ಕಳಿಸುತ್ತಿದ್ದೀರಿ.

ಇನ್ನೂ ಮುಗಿದಿಲ್ಲ. ಡ್ರಿಲ್ ಯಂತ್ರ ಸವೆಯುತ್ತದೆ, ಕರೆಂಟು ಉರಿಯುತ್ತದೆ, ಮಳೆಗಾಲ ಬರುತ್ತದೆ. ನಮ್ಮ ಕರಾವಳಿಯಲ್ಲಿ ಈ ಮಳೆಗಾಲದ ಬಾಬ್ತನ್ನು ಮರೆತು ಬೆಲೆ ಕಟ್ಟಿದವರನ್ನು ಬಹಳ ನೋಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲತೀರದಲ್ಲಿ ಜನ ಇರುವುದಿಲ್ಲ. ಮಾಡಿಟ್ಟ ಗರಟೆಗೆ ಬೂಸಲು ಹಿಡಿಯುತ್ತದೆ, ಹಿತ್ತಾಳೆಯ ಕೊಕ್ಕೆಗೆ ಕಿಲುಬು ಬರುತ್ತದೆ, ನಮ್ಮ ಬೆಳ್ಳಿಯೂ ಕಪ್ಪಾಗುತ್ತದೆ. ಎಲ್ಲವನ್ನೂ ಮತ್ತೆ ಒರೆಸಬೇಕು, ಕೆಲವು ಕೊಕ್ಕೆ ಬದಲಿಸಬೇಕು. ಇದಕ್ಕೆಲ್ಲ ನೂರಕ್ಕೆ ಹತ್ತರಂತೆ ಸೇರಿಸಿದರೆ 147. ಇದು ನಿಮ್ಮ ಅಸಲು. ಲಾಭದ ಮಾತು ಇಲ್ಲಿಂದ ಮೇಲೆ.

ಪ್ರಶ್ನೆ (ಅದೇ ತಂಗಿ): ಹಾಗಾದರೆ 170, 180 ಎಂದು ಬರೆದರೆ ಸಾಕಲ್ಲವೇ? ಶಿರಸಿಯ ಒಂದು ಅಂಗಡಿಯವರೂ ಕೇಳುತ್ತಿದ್ದಾರೆ. ಮಾರಾಟವಾದ ಮೇಲೆ ನೂರಕ್ಕೆ 35 ಹಿಡಿದುಕೊಂಡು ಉಳಿದದ್ದು ಕೊಡುತ್ತಾರಂತೆ.

ಉತ್ತರ: 180ರಲ್ಲಿ ನೂರಕ್ಕೆ 35ರಂತೆ ಕಳೆಯಿರಿ. 63 ಅವರಿಗೆ, 117 ನಿಮಗೆ. ಅಸಲಿಗಿಂತ 30 ಕಡಿಮೆ. ಮೊದಲಿದ್ದ ಬಾವಿಗೇ ಮತ್ತೆ ಬಿದ್ದ ಹಾಗಾಯಿತು.

ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಬಾಡಿಗೆ ಕಟ್ಟುವುದು, ದಿನವಿಡೀ ನಿಲ್ಲುವುದು ಅವರೇ. ಆದರೆ ಅವರ ಪಾಲು ನಿಮ್ಮ ಬೆಲೆಯೊಳಗೆ ಮೊದಲೇ ಇರಬೇಕು. 147 ಕೈಗೆ ಬರಬೇಕಾದರೆ ಚೀಟಿಯಲ್ಲಿ ಹೆಚ್ಚುಕಡಿಮೆ 230 ಇರಬೇಕು. ಅಷ್ಟಕ್ಕೆ ಕೂಲಿ ಗಿಟ್ಟುತ್ತದೆ, ಲಾಭವಿಲ್ಲ. ನಾನಾಗಿದ್ದರೆ 250 ಎಂದು ಬರೆಯುತ್ತಿದ್ದೆ. ಅಂಗಡಿಯಿಂದ ನಿಮಗೆ 162 ಚಿಲ್ಲರೆ ಬರುತ್ತದೆ.

ಮನೆಯಿಂದ ಮಾರುವಾಗಲೂ ಅದೇ 250. ‘ನಮ್ಮಲ್ಲಿಗೇ ಬನ್ನಿ, 180ಕ್ಕೆ ಕೊಡುತ್ತೇನೆ’ ಎಂದು ಒಂದು ಸಲ ಹೇಳಿದಿರೋ, ಶಿರಸಿಯ ಅಂಗಡಿಯವರಿಗೆ ತಿಳಿಯುವುದಕ್ಕೆ ಒಂದು ವಾರವೂ ಬೇಡ, ಮರುದಿನ ನಿಮ್ಮ ಪೆಟ್ಟಿಗೆ ವಾಪಸು ಬರುತ್ತದೆ. ನೇರ ಮಾರಾಟದಲ್ಲಿ ಉಳಿಯುವ ಹೆಚ್ಚಿನ ದುಡ್ಡು ಅಂಗಡಿಯವರ ಕೆಲಸವನ್ನು ನೀವೇ ಮಾಡಿದ್ದಕ್ಕೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿದರೆ ಬಾಡಿಗೆ, ಊಟ, ಬಸ್ಸಿನ ಖರ್ಚು ಅದರಲ್ಲೇ ಹೋಗಬೇಕು.

ಶಿರಸಿಯ ಓದುಗರೊಬ್ಬರು: ಎಂಥದ್ದು ಮಾರಾಯರೇ, ಪೇಟೆಯಲ್ಲಿ 50 ರೂಪಾಯಿಗೆ ಜುಮಕಿ ಸಿಗುತ್ತದೆ. ಗರಟೆಗೆ 250 ಯಾರು ಕೊಡುತ್ತಾರೆ?

ಉತ್ತರ: 50ರ ಜುಮಕಿ ಬೇಕಾದವರು ಅದನ್ನೇ ಕೊಳ್ಳಲಿ. ಅದು ಅಚ್ಚಿನಲ್ಲಿ ಒತ್ತಿ ಸಾವಿರಗಟ್ಟಲೆ ತೆಗೆದ ಮಾಲು, ಅದರೊಡನೆ ಈ ತಂಗಿ ಪೈಪೋಟಿಗೆ ಇಳಿದರೆ ಬೆರಳು ಸವೆಯುವುದೊಂದೇ ಬಂತು.

ಆದರೆ ನಿಮ್ಮ ಮಾತಿನಲ್ಲಿ ಒಂದು ಹುರುಳಿದೆ. ಎಲ್ಲ ವಿನ್ಯಾಸಗಳೂ 250 ತಾಳುವುದಿಲ್ಲ. ತಂಗೀ, ನೀವು ಕಳಿಸಿದ ಫೋಟೊದಲ್ಲಿ ಒಂದು ಸಣ್ಣ ಜಾಲರಿಯ ಓಲೆ ಇತ್ತು, ಏಳು ತೂತಿನದು. ಅದಕ್ಕೆ ಬೇರೆಯವುಗಳ ಎರಡರಷ್ಟು ಹೊತ್ತು ಹಿಡಿದಿರಬೇಕು, ಒಡೆದವುಗಳಲ್ಲಿ ಹೆಚ್ಚಿನವೂ ಅವೇ ಇರಬೇಕು. ಅದನ್ನು 400ಕ್ಕೆ ಕೇಳುವವರಿದ್ದರೆ ಮಾತ್ರ ಮಾಡಿ, ಇಲ್ಲವಾದರೆ ಬಿಡಿ. ಅದರ ಬದಲು ದೊಡ್ಡ ಅರ್ಧಚಂದ್ರದ ಪದಕ ಮಾಡಿ ನೋಡಿ. ಒಂದೇ ತೂತು, ಉಜ್ಜುವುದೂ ಸಲೀಸು. ನೋಡುವವರಿಗೆ ದೊಡ್ಡದಾಗಿ ಕಾಣುತ್ತದೆ. ಕತ್ತರಿಸುವ ಕೆಲಸ ಒಂದು ದಿನ, ಉಜ್ಜುವ ಕೆಲಸ ಒಂದು ದಿನ ಎಂದು ಬೇರೆ ಮಾಡಿಕೊಂಡರೆ 15 ತಾಸು 12ಕ್ಕೆ ಇಳಿದರೂ ಇಳಿಯಬಹುದು. ಆಗ ಬೆಲೆ ಇಳಿಸಬೇಕೆಂದಿಲ್ಲ.

‘ಗರಟೆಗೆ ಇಷ್ಟೊಂದೇ’ ಎಂದವರಿಗೆ ವಾದ ಮಾಡಬೇಡಿ. ಮೇಜಿನ ಮೇಲೆ ನಾರು ಇನ್ನೂ ಅಂಟಿಕೊಂಡಿರುವ ಅರ್ಧ ಗರಟೆ ಒಂದನ್ನು ಇಡಿ, ಪಕ್ಕದಲ್ಲಿ ಮುಗಿದ ಓಲೆ ಇಡಿ. ಎರಡನ್ನೂ ಅವರ ಕೈಗೆ ಕೊಡಿ.

ಪ್ರಶ್ನೆ (ಗೋಕರ್ಣ): ಅಣ್ಣಾ, ನಾನು ಸಮುದ್ರದಂಡೆಯಲ್ಲಿ ಮಣಿಸರ ಮಾರುತ್ತೇನೆ. ವಿದೇಶಿಯರಿಗೆ ಒಂದು, ಬೆಂಗಳೂರಿನವರಿಗೆ ಒಂದು, ಊರವರಿಗೆ ಒಂದು ಬೆಲೆ ಹೇಳುವುದು ರೂಢಿ. ತಪ್ಪೇ? ಇನ್ನೊಂದು: ಸರಗಳನ್ನು ನಾನು ಪೋಣಿಸುವುದಿಲ್ಲ, ಹಾಲಕ್ಕಿ ಸಮುದಾಯದ ಹೆಂಗಸರು ಪೋಣಿಸಿ ಕೊಡುತ್ತಾರೆ. ಅವರಿಗೆ ಸರಕ್ಕೆ ಇಷ್ಟು ಎಂದು ಕೊಡುತ್ತೇನೆ.

ಉತ್ತರ: ಮುಖ ನೋಡಿ ಮಣೆ ಹಾಕುವ ವ್ಯಾಪಾರ ಒಂದು ದಿನ ಚೆನ್ನಾಗಿರುತ್ತದೆ. ಒಂದೇ ಕೋಣೆಯಲ್ಲಿ ಇಳಿದುಕೊಂಡ ಇಬ್ಬರು ಸಂಜೆ ತಮ್ಮ ತಮ್ಮ ಸರ ತೋರಿಸಿಕೊಂಡಾಗ ಗೊತ್ತಾಗುತ್ತದೆ. ಚೀಟಿ ಅಂಟಿಸಿ, ಎಲ್ಲರಿಗೂ ಒಂದೇ. ಚೌಕಾಶಿ ಮಾಡಿದರೆ ಬೆಲೆ ಇಳಿಸುವ ಬದಲು ಸಣ್ಣ ಸರ ತೋರಿಸಿ. ಎರಡು ಕೊಂಡವರಿಗೆ ಏನಾದರೂ ಬಿಡಿ, ಅಷ್ಟೇ.

ಎರಡನೆಯ ಪ್ರಶ್ನೆಯೇ ದೊಡ್ಡದು. ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರಗಳ ರಾಶಿಯ ಫೋಟೊ ನೋಡಿಯೇ ಜನ ನಿಮ್ಮ ಹತ್ತಿರ ಕೊಳ್ಳಲು ಬರುವುದು. ಸರಕ್ಕೆ ಇಷ್ಟು ಎಂದು ಗುತ್ತಿಗೆ ಕೊಡುವುದಾದರೆ, ಒಂದು ದಿನ ಅವರ ಪಕ್ಕದಲ್ಲಿ ಕುಳಿತು ಒಂದು ಸರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ. ಸಣ್ಣ ಮಣಿಯ ಸರ ದೊಡ್ಡ ಮಣಿಯ ಸರಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಿನ್ನುತ್ತದೆ. ಎರಡಕ್ಕೂ ಒಂದೇ ರೇಟು ಕೊಡುತ್ತಿದ್ದರೆ ಇಂದೇ ಬದಲಿಸಿ. ತಾಸಿನ ಲೆಕ್ಕ ಕುಮಟಾದ ತಂಗಿಗೆ ಒಂದು, ಅವರಿಗೆ ಒಂದು ಇರಲಾರದು.

ಪ್ರಶ್ನೆ (ಹೊನ್ನಾವರ): ಶೇಟರೇ, ನನ್ನದು ಬೆಳ್ಳಿ ತಂತಿಯ ಕೆಲಸ, ಈಗಷ್ಟೇ ಶುರು. ದೀಪಾವಳಿಗೆ ಮೊದಲು ಆರ್ಡರ್ ಹಿಡಿದೆ, ಕೊಡುವ ಹೊತ್ತಿಗೆ ದರ ಏರಿತ್ತು. ಗಿರಾಕಿ ಹಳೆಯ ಬೆಲೆಯನ್ನೇ ಕೊಟ್ಟರು. ಮಜೂರಿಯೆಲ್ಲ ಬೆಳ್ಳಿಗೇ ಹೋಯಿತು.

ಉತ್ತರ: ನನಗೂ ಒಮ್ಮೆ ಹೀಗೆಯೇ ಆಗಿತ್ತು, ಕಾಲ್ಗೆಜ್ಜೆಯ ಆರ್ಡರಿನಲ್ಲಿ. ಅಂದಿನಿಂದ ಲೋಹದ ಬೆಲೆಯಷ್ಟು ಮುಂಗಡ ಬರದೆ ಕೆಲಸ ಹಿಡಿಯುವುದಿಲ್ಲ. ಮುಂಗಡ ಬಂದ ದಿನವೇ ಬೆಳ್ಳಿ ಕೊಂಡುಬಿಡುತ್ತೇನೆ. ಚೀಟಿಯಲ್ಲಿ ಆ ದಿನದ ದರ, ಅಂದಾಜು ತೂಕ, ಮಜೂರಿ ಬೇರೆ ಬೇರೆ ಬರೆದು ಸಹಿ ಹಾಕಿಸಿಕೊಳ್ಳಿ. 925ರ ಬೆಳ್ಳಿಯೆಂದರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ. ಹಾಗೆಂದು ಬರೆದುಕೊಟ್ಟ ಮೇಲೆ ಅದರಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಆಗಬಾರದು.

ಮಜೂರಿಯನ್ನು ಗ್ರಾಂ ಲೆಕ್ಕದಲ್ಲಿ ಹಾಕಬೇಡಿ. ತಂತಿ ಸಪೂರವಾದಷ್ಟೂ ತೂಕ ಕಡಿಮೆ, ಕೆಲಸ ಹೆಚ್ಚು. ಗ್ರಾಂ ಲೆಕ್ಕ ಹಿಡಿದರೆ ಒಳ್ಳೆಯ ಕೆಲಸ ಮಾಡಿದ ದಿನವೇ ಕಡಿಮೆ ಕೂಲಿ. ತುಣುಕಿಗೆ ಇಷ್ಟು ಎಂದು ಕಟ್ಟಿ.

ಪ್ರಶ್ನೆ (ಕಾರವಾರ): ಕಡಲತೀರದಲ್ಲಿ ಸಿಗುವ ಚಿಪ್ಪು, ಹವಳದ ತುಂಡುಗಳಿಂದ ಪದಕ ಮಾಡಬಹುದೇ? ಪುಕ್ಕಟೆ ಸಾಮಾನು.

ಉತ್ತರ: ಗಟ್ಟಿ ಹವಳ ಮುಟ್ಟಬೇಡಿ. ಅದೂ, ಕೆಲವು ಜಾತಿಯ ಶಂಖ, ಚಿಪ್ಪುಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಯಾವುದು ಪಟ್ಟಿಯಲ್ಲಿದೆ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಕೇಳಿಯೇ ಮುಂದಿನ ಕೆಲಸ.

ಪ್ರಶ್ನೆ (ಕುಮಟಾದ ತಂಗಿ, ಮತ್ತೆ): ಎರಡೇ ಮಾತು. ನೆಂಟರು ‘ನಮಗೂ ಇದೇ ರೇಟೇ’ ಎಂದರೆ? ಮತ್ತು 120ರ ಚೀಟಿ ಅಂಟಿಸಿದ 35 ಜೋಡಿ ಇನ್ನೂ ಮನೆಯಲ್ಲಿವೆ.

ಉತ್ತರ: ನೆಂಟರಿಗೆ ಕೊಡಬೇಕೆನಿಸಿದರೆ ಉಡುಗೊರೆಯಾಗಿ ಕೊಡಿ, ದುಡ್ಡು ಮುಟ್ಟಬೇಡಿ. ಅರ್ಧ ಬೆಲೆಗೆ ಕೊಟ್ಟರೆ ಮುಂದಿನ ಮದುವೆಮನೆಯಲ್ಲಿ ಅದೇ ನಿಮ್ಮ ಬೆಲೆಯೆಂದು ಊರಿಗೆಲ್ಲ ಗೊತ್ತಾಗಿರುತ್ತದೆ.

35 ಜೋಡಿಯನ್ನು ಹಳೆಯ ಗಿರಾಕಿಗಳಿಗೆ ಹಳೆಯ ಬೆಲೆಗೇ ಕೊಟ್ಟು ತೀರಿಸಿ. ಮುಂದಿನ ತಿಂಗಳಿನಿಂದ 250 ಎಂದು ಈಗಲೇ ತಿಳಿಸಿಬಿಡಿ. ಶಿರಸಿಗೆ ಮಾತ್ರ ಅದರಲ್ಲಿ ಒಂದನ್ನೂ ಕಳಿಸಬೇಡಿ. ಇನ್ನೊಂದು, ನಿಮ್ಮ ಫೋಟೊದಲ್ಲಿ ಬರಿಮೂಗಿನಲ್ಲಿ ಕುಳಿತು ಉಜ್ಜುತ್ತಿದ್ದೀರಿ. ಗರಟೆಯ ಧೂಳು ಬಹಳ ನುಣುಪು, ಎದೆಗೆ ಇಳಿಯುತ್ತದೆ. ಮಾಸ್ಕ್ ಕೊಳ್ಳಿ, ಅದರ ದುಡ್ಡನ್ನೂ ಎಮರಿಯ ಸಾಲಿನಲ್ಲೇ ಬರೆಯಿರಿ.