ಸಹಾಯ ಬೇಕು: ರಿಸರ್ವ್ ಬ್ಯಾಂಕಿನ ಡಿಎಸ್‌ಐಎಂ (ಅಂಕಿಅಂಶ ಮತ್ತು ಮಾಹಿತಿ ನಿರ್ವಹಣೆ) ವಿಭಾಗದಲ್ಲಿ ಇರೋರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಎಂ.ಎಸ್ಸಿ. ಸ್ಟಾಟಿಸ್ಟಿಕ್ಸ್ ಮುಗಿಸಿ ಮೂರು ವರ್ಷದಿಂದ ಒಂದು ಬ್ಯಾಂಕಿನಲ್ಲಿ ಇದ್ದೀನಿ. ಶಾಖೆಗಳ ಲೆಕ್ಕ ಸರಿಮಾಡಿ ರಿಸರ್ವ್ ಬ್ಯಾಂಕಿಗೆ ರಿಟರ್ನ್ಸ್ (ಅಂಕಿಅಂಶದ ವರದಿ) ಕಳಿಸೋ ಕೆಲಸ. ಈಗ ಆ ಕಡೆ ಕೂತು ಡೇಟಾ ತಗೊಳ್ಳೋ ಕೆಲಸಕ್ಕೇ ಹೋಗೋ ಆಸೆ.

ಆಸೆ ಹುಟ್ಟಿದ್ದು ಒಂದು ತಪ್ಪಿನಿಂದ. ಸಾವಿರಗಳಲ್ಲಿ ಬರೀಬೇಕಾದ ಕಾಲಂನಲ್ಲಿ ಶಾಖೆಯವರು ರೂಪಾಯಿ ಲೆಕ್ಕದಲ್ಲೇ ತುಂಬಿದ್ರು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ 4,50,000 ರೂಪಾಯಿ ಸಾಲ 45 ಕೋಟಿ ಆಗಿ ಕೂತಿತ್ತು! ಅದು ಕಣ್ಣಿಗೆ ಬಿತ್ತು, ಸರಿ ಮಾಡಿದೆ. ಆದ್ರೆ ಅದೇ ಮನುಷ್ಯ ಅಕ್ಕಪಕ್ಕದವರ ಅಡಿಕೆನೂ ಕೊಂಡು ಮಾರ್ತಾರೆ. ಅವರಿಗೆ ಕೃಷಿ ಕೋಡ್ ಹಾಕಬೇಕಾ, ವ್ಯಾಪಾರದ್ದಾ? ಯಾವುದು ಹಾಕಿದ್ರೂ ಸಾಫ್ಟ್‌ವೇರ್ ಸುಮ್ಮನೆ ನುಂಗುತ್ತೆ. ಇಂಥದ್ದು ಮೇಲೆ ಯಾರ ಕಣ್ಣಿಗಾದ್ರೂ ಬೀಳುತ್ತಾ?

2023ರಲ್ಲಿ ಸಿಐಎಂಎಸ್ (ಬ್ಯಾಂಕುಗಳಿಂದ ಡೇಟಾ ತಗೊಳ್ಳೋ ರಿಸರ್ವ್ ಬ್ಯಾಂಕಿನ ಸಿಸ್ಟಮ್) ಬಂದ ಮೇಲೆ ಬೇಸಿಕ್ ತಪಾಸಣೆ ಸಿಸ್ಟಮ್ಮೇ ಮಾಡುತ್ತಲ್ಲ, ಹಾಗಾದ್ರೆ ಅಲ್ಲಿನ ಆಫೀಸರ್‌ಗಳ ದಿನ ಹೇಗಿರುತ್ತೆ? ಬ್ಯಾಂಕುಗಳಿಗೆ ಫೋನ್ ಮಾಡೋದೇ ಜಾಸ್ತಿನಾ, ವಿಶ್ಲೇಷಣೆನೂ ಸಿಗುತ್ತಾ? ಪೈಥಾನ್ ಅಲ್ಪಸ್ವಲ್ಪ ಬರುತ್ತೆ, ಸಾಕಾ?

ಅಲ್ಲಿ ಆಫೀಸರ್ ಆಗೋಕೆ ಬರೆಯೋ ಗ್ರೇಡ್ ಬಿ ಪರೀಕ್ಷೆಲಿ ಸ್ಟಾಟಿಸ್ಟಿಕ್ಸ್‌ನ ವಿವರಣಾತ್ಮಕ ಪೇಪರ್‌ದೇ ಭಯ. ಪ್ರಮೇಯ ಬರೆದು ಕಾಲ ಆಯ್ತು. ಇಲ್ಲಿ ಅದಕ್ಕೆ ಹೇಳಿಕೊಡೋರು ನನಗಂತೂ ಸಿಕ್ಕಿಲ್ಲ. ಹಳೇ ನೋಟ್ಸ್ ಇದ್ದೋರು ಕೊಟ್ರೆ ಜೆರಾಕ್ಸ್ ಮಾಡಿಸಿ ವಾಪಸ್ ಕೊಡ್ತೀನಿ.

ಅಪ್ಪ ಮಾತ್ರ "ಮುಂಬೈಗೆ ಹೋಗಿ ಎಣಿಸೋದೇನಿದೆ, ಇಲ್ಲೇ ಎಣಿಸು" ಅಂತಿದ್ದಾರೆ. ಅವರಿಗೆ ಹೇಳೋಕೂ ಏನಾದ್ರೂ ಇದ್ರೆ ತಿಳಿಸಿ.