ಪ್ರೀತಿ ಇಲ್ಲದೆ ಕೊಟ್ಟದ್ದು ಯಾವ ಲೆಕ್ಕ?

ಬೈತಖೋಲ್ ಬಾಯಿ: ಕಾರವಾರ ಮೀನು ಮಾರ್ಕೆಟ್ಟಲ್ಲಿ ಪಕ್ಕದವಳು ದಿನಾ ನನ್ನ ಗಿರಾಕಿಗಳನ್ನೇ ಕೂಗಿ ಕರೀತಾಳೆ. ಮೊನ್ನೆ ಅವಳ ಬಂಗಡೆ ಉಳೀತು, ಐಸೂ ಮುಗಿದಿತ್ತು. ನನ್ನ ಐಸಲ್ಲಿ ಅರ್ಧ ಕೊಟ್ಟೆ, ಹಲ್ಲು ಕಚ್ಚಿಕೊಂಡು. ಬೈಬಲಿನ ಗಲಾತ್ಯ 5:22 ಪ್ರೀತಿ, ದಯೆ ದೇವರಾತ್ಮನ ಫಲ ಅನ್ನುತ್ತೆ. ಹಾಗಾದ್ರೆ ನನ್ನಲ್ಲಿ ದೇವರ ಕೃಪೆಯೇ ಇಲ್ವಾ?

ಸದಾಶಿವಗಡ: ಅದೇ ಪಟ್ಟಿಯಲ್ಲಿ ದೀರ್ಘಶಾಂತಿ, ಅಂದ್ರೆ ತಾಳ್ಮೆಯೂ ಇದೆಯಲ್ಲ ಅಕ್ಕ! ಅಂಕೋಲೆಯ ಕರಿ ಇಶಾಡ ಮಾವು ಕೂಡ ಹೂ ಬಿಟ್ಟ ವಾರಕ್ಕೇ ಹಣ್ಣಾಗಲ್ಲ.

ಹೊನ್ನಾವರ ಮಾಸ್ತರ: ಎಫೆಸ 2:8-10 ಓದಿ. ಮೊದಲು ಕೃಪೆಯಿಂದ ರಕ್ಷಣೆ, ಅದೂ ಪುಕ್ಕಟೆ ವರ, ಸತ್ಕ್ರಿಯೆ ಆಮೇಲೆ. ಐಸ್ ಕೊಟ್ಟು ನೀವು ಕೃಪೆ ಗಳಿಸಬೇಕಿರಲಿಲ್ಲ, ಅದು ಮೊದಲೇ ಸಿಕ್ಕಿತ್ತು, ಅದಕ್ಕೇ ಕೊಡೋಕಾಯ್ತು. ಲೂಕ 6:35ರ ಪ್ರಕಾರ ದೇವರು ಉಪಕಾರ ನೆನೆಯದವರಿಗೂ ಉಪಕಾರಿ. ಮನಸ್ಸು ಕರಗಿದ ಮೇಲೇ ಕೊಡ್ತೇನೆ ಅಂತ ಕೂತಿದ್ರೆ ಬಂಗಡೆ ಕೊಳೀತಿತ್ತು.

ಬೈತಖೋಲ್ ಬಾಯಿ: ಸರಿ ಮಾಸ್ತರೇ. ಆದ್ರೆ ಅವಳು ನನ್ನ ಗಿರಾಕಿಗಳನ್ನ ಕರೆದಾಗ ಸುಮ್ಮನಿರಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?

ಹೊನ್ನಾವರ ಮಾಸ್ತರ: ಇಲ್ಲಪ್ಪ. ಮತ್ತಾಯ 18:15, ತಪ್ಪನ್ನು ಅವರೊಬ್ಬರಿಗೇ ಹೋಗಿ ಹೇಳಿ ಅಂತ. ಗಿರಾಕಿಗಳೆದುರು ಬೇಡ.